ಹಗ್ಗ ಹೊಸೆದು ದಾಸೋಹ ನಡೆಸಿದ ನುಲಿಯ ಚಂದಯ್ಯನವರು



ಶ್ರಾವಣ ಮಾಸದ ಹುಣ್ಣಿಮೆಯನ್ನು ನಮ್ಮ ಜನ ನೂಲ ಹುಣ್ಣಿಮೆ ಎಂದು ಕರೆಯುತ್ತಾರೆ. ಅಂದು ಕೆಲವರು ಜನಿವಾರ ಬದಲಿಸುತ್ತಾರೆ, ಅಕ್ಕತಂಗಿಯರು ಅಣ್ಣತಮ್ಮಂದಿರ ಕೈಗೆ ರಾಖಿ ಕಟ್ಟುತ್ತಾರೆ. ಹನ್ನೆರಡನೆಯ ಶತಮಾನದ ಶರಣರಾದ ನುಲಿಯ ಚಂದಯ್ಯನವರ ಜಯಂತಿಯೂ ಅದೇ ದಿನ ಎಂಬುದು ಎಲ್ಲರಿಗೂ ತಿಳಿದಿರಲಾರದು. ನೂಲು ಎಂದರೆ ದಾರ. ನುಲಿ ಎಂದರೆ ಹೊಸೆದ ಹುರಿ, ಹಗ್ಗ. ಹುಲ್ಲು ಕೊಯ್ದು ತಂದು, ಅಂಗೈಯಲ್ಲಿ ಹೊಸೆದು, ಹಗ್ಗ ಮಾಡಿ ಮಾರಿ, ಅದರಿಂದ ಬಂದ ಹಣದಲ್ಲಿ ಜಂಗಮ ದಾಸೋಹ ನಡೆಸಿದ ಈ ಶರಣರ ಜಯಂತಿಗೆ ನೂಲ ಹುಣ್ಣಿಮೆಗಿಂತ ಒಪ್ಪುವ ದಿನ ಬೇರೆ ಯಾವುದಿದೆ?

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಸೀಮೆಯ ಹಿರಿಯರಿಗೆ ಹಗ್ಗದ ಕಥೆಯನ್ನು ನಾವು ಹೇಳಬೇಕಾಗಿಲ್ಲ. ಹೊಲದ ಬದುವಿನ ಕತ್ತಾಳೆ ಪಟ್ಟೆಯನ್ನು ಕೊಯ್ದು, ಕಟ್ಟೆಯ ನೀರಿನಲ್ಲಿ ಕೊಳೆಹಾಕಿ, ಬಡಿದು, ತೊಳೆದು, ಬಿಸಿಲಿಗೆ ಹರವಿ ನಾರು ಮಾಡಿಕೊಂಡವರು ನೀವು. ಸೆಣಬು, ಪುಂಡಿ, ತೆಂಗಿನ ನಾರು, ಭತ್ತದ ಹುಲ್ಲು, ಕೈಗೆ ಏನು ಸಿಕ್ಕಿದರೂ ಅದರಿಂದ ಹುರಿ ತೆಗೆದವರು ನೀವು. ದನಕ್ಕೆ ಕಣ್ಣಿ ಮತ್ತು ಮೂಗುದಾರ, ನೇಗಿಲಿಗೆ ಮಿಣಿ, ಬಾವಿಗೆ ಸೇದುವ ಹಗ್ಗ, ತೊಟ್ಟಿಲಿಗೆ ಹುರಿ, ಅಡುಗೆಮನೆಯ ಜಂತಿಗೆ ಮೊಸರಿನ ಗಡಿಗೆ ಇಡುವ ನೆಲುವು, ಒಕ್ಕಣೆಯ ಕಾಲಕ್ಕೆ ಎತ್ತಿನ ಬಾಯಿಗೆ ಕುಕ್ಕೆ, ಎಲ್ಲವೂ ಮನೆಯಲ್ಲೇ ತಯಾರಾಗುತ್ತಿದ್ದವು. ಹುಟ್ಟಿದ ಕೂಸನ್ನು ತೂಗುವುದೂ ಹಗ್ಗವೇ, ಕಡೆಯ ದಿನ ಬೇಕಾಗುವುದೂ ಹಗ್ಗವೇ. ಇಷ್ಟು ಬೇಕಾದ ವಸ್ತುವನ್ನು ಮಾಡುವವರನ್ನು ಮಾತ್ರ ಊರು ದೂರವಿಟ್ಟಿತ್ತು. ಅಂಥ ಕೆಲಸವನ್ನು ಶಿವಪೂಜೆಯ ಎತ್ತರಕ್ಕೆ ಏರಿಸಿದ ಮಹಾನುಭಾವರ ಜೀವನವನ್ನು ಇಂದು ನಾವು ಸ್ಮರಿಸೋಣ.

ಶಿವಣಗಿಯಿಂದ ಕಲ್ಯಾಣಕ್ಕೆ

ಚಂದಯ್ಯನವರ ಹುಟ್ಟೂರು ಈಗಿನ ವಿಜಯಪುರ ಜಿಲ್ಲೆಯ ಶಿವಣಗಿ ಎಂದು ಪರಂಪರೆ ಹೇಳುತ್ತದೆ. ಅವರ ಕಾಲ ಸುಮಾರು 1160. ಬಸವಣ್ಣನವರು ಕಲ್ಯಾಣದಲ್ಲಿ ಬಿಜ್ಜಳ ರಾಜನ ಭಂಡಾರಿಯಾಗಿದ್ದು, ಅನುಭವ ಮಂಟಪದ ಬಾಗಿಲನ್ನು ಎಲ್ಲ ಕುಲದವರಿಗೂ ತೆರೆದಿದ್ದ ಕಾಲ ಅದು. ಮಡಿವಾಳ ಮಾಚಯ್ಯ, ಮೇದರ ಕೇತಯ್ಯ, ಹಡಪದ ಅಪ್ಪಣ್ಣ, ಅಂಬಿಗರ ಚೌಡಯ್ಯ, ಮಾದಾರ ಧೂಳಯ್ಯ ಎಂದು ಹೆಸರಿನ ಮುಂದೆಯೇ ಕಾಯಕವನ್ನು ಹೊತ್ತ ಶರಣರು ನಾಡಿನ ಮೂಲೆಮೂಲೆಯಿಂದ ಅಲ್ಲಿಗೆ ಬಂದು ಸೇರುತ್ತಿದ್ದರು. ಅವರಂತೆ ಚಂದಯ್ಯನವರೂ ಬಂದರು. ಅವರ ಹೆಸರಿನ ಮುಂದೆ ನುಲಿ ನಿಂತಿತು.

ಆ ಕಾಲದಲ್ಲಿ ದಾರ, ನಾರು, ಬಿದಿರು, ಬಟ್ಟೆಗಳ ಕೆಲಸದಿಂದ ಬಂದ ಶರಣ ಶರಣೆಯರು ಎಷ್ಟು ಮಂದಿ ಎಂಬುದನ್ನು ನೆನೆದರೆ ಆಶ್ಚರ್ಯವಾಗುತ್ತದೆ. ಕದಿರೆ ರೆಮ್ಮವ್ವೆ ರಾಟೆಯಲ್ಲಿ ನೂಲು ತೆಗೆದ ತಾಯಿ. ಕದಿರ ಕಾಯಕದ ಕಾಳವ್ವೆ ಅದೇ ಕದಿರನ್ನು ಹಿಡಿದವಳು. ಮುದನೂರಿನ ದೇವರ ದಾಸಿಮಯ್ಯನವರು ಬಸವಣ್ಣನವರಿಗಿಂತ ಹಿಂದಿನವರು, ಮಗ್ಗದಲ್ಲಿ ಬಟ್ಟೆ ನೇಯ್ದವರು. ಅಮುಗೆ ದೇವಯ್ಯನವರೂ ಅವರ ಧರ್ಮಪತ್ನಿ ರಾಯಮ್ಮನವರೂ ನೇಯ್ಗೆಯ ಮನೆಯವರು. ಸೂಜಿಕಾಯಕದ ರಾಮಿತಂದೆ ಹೊಲಿದವರು. ಮೇದರ ಕೇತಯ್ಯನವರು ಬಿದಿರು ಸೀಳಿ ಬುಟ್ಟಿ ಹೆಣೆದವರು. ಇವರ ಸಾಲಿನಲ್ಲಿ ಚಂದಯ್ಯನವರ ಬಂಡವಾಳವೇ ಅತಿ ಸಣ್ಣದು. ಮಗ್ಗ ಬೇಡ, ರಾಟೆ ಬೇಡ, ಸೂಜಿಯೂ ಬೇಡ. ಒಂದು ಕುಡುಗೋಲು, ಕೆರೆಯಂಗಳದಲ್ಲಿ ತಾನಾಗಿ ಬೆಳೆದ ಹುಲ್ಲು, ಎರಡು ಅಂಗೈ. ಇಷ್ಟೇ. ಯಾರೂ ಬಿತ್ತದ, ಯಾರದೂ ಅಲ್ಲದ ಹುಲ್ಲಿನಿಂದ ಅವರು ದಾಸೋಹದ ಮನೆ ನಡೆಸಿದರು.

ಅವರ ದಿನಚರಿಯಲ್ಲಿ ಆಡಂಬರವಿರಲಿಲ್ಲ. ಬೆಳಗಾದರೆ ಕೆರೆಗೆ ಹೋಗಿ ಹುಲ್ಲು ಕೊಯ್ಯುವುದು, ಹೊರೆ ಹೊತ್ತು ತರುವುದು, ಹದವಾಗಿ ಒಣಗಿಸಿ ಬಡಿದು ಮೆತ್ತಗೆ ಮಾಡಿ ಹೊಸೆಯುವುದು, ಹಗ್ಗವನ್ನು ಕಲ್ಯಾಣದ ಬೀದಿಯಲ್ಲಿ ಮಾರುವುದು, ಬಂದ ಹಣದಿಂದ ಜಂಗಮರಿಗೆ ಅನ್ನ ನೀಡಿ ತಾನು ಪ್ರಸಾದ ಸ್ವೀಕರಿಸುವುದು. ನಾಳೆಗೆಂದು ಕೂಡಿಡುವ ಅಭ್ಯಾಸ ಅವರಿಗಿರಲಿಲ್ಲ. ನಾಳೆಯ ದಾಸೋಹಕ್ಕೆ ನಾಳೆಯ ಹಗ್ಗ ಇದ್ದೇ ಇತ್ತು.

ಹಗ್ಗ ಹೊಸೆದವರಿಗೆ ಒಂದು ಸಂಗತಿ ಗೊತ್ತು. ಒಂದು ಎಳೆಯನ್ನು ಒಂದೇ ದಿಕ್ಕಿಗೆ ಎಷ್ಟು ಹುರಿ ಮಾಡಿದರೂ ಕೈ ಬಿಟ್ಟೊಡನೆ ಅದು ಬಿಚ್ಚಿಕೊಳ್ಳುತ್ತದೆ. ಎರಡು ಮೂರು ಎಳೆಗಳನ್ನು ಜೊತೆ ಮಾಡಿ, ಮೊದಲಿನ ಹುರಿಗೆ ಎದುರು ದಿಕ್ಕಿನಲ್ಲಿ ತಿರುಚಿದಾಗ ಮಾತ್ರ ಒಂದನ್ನೊಂದು ಬಿಗಿಹಿಡಿದು ಹಗ್ಗವಾಗಿ ನಿಲ್ಲುತ್ತದೆ. ಒಂಟಿ ಎಳೆ ತರಗಿನಂತೆ ಹರಿಯುತ್ತದೆ, ಮೂರೆಳೆಯ ಹಗ್ಗ ಹೋರಿಯನ್ನು ಹಿಡಿದು ನಿಲ್ಲಿಸುತ್ತದೆ. ಗುರು, ಲಿಂಗ, ಜಂಗಮ ಎಂಬ ಮೂರನ್ನು ಬೇರೆ ಮಾಡದೆ ಒಟ್ಟಿಗೆ ಹಿಡಿದವರು ಚಂದಯ್ಯನವರು. ಆ ಮೂರನ್ನೂ ಅವರು ಸೇರಿಸಿದ್ದು ಬರಿಯ ಮಾತಿನಿಂದಲ್ಲ, ಕಾಯಕದಿಂದ.

ಕೆರೆಯಂಗಳದ ಪ್ರಸಂಗ

ಚಂದಯ್ಯನವರ ಜೀವನದ ಮುಖ್ಯ ಪ್ರಸಂಗವನ್ನು ಕೇಳಿದವರು ಮೊದಲು ಬೆಚ್ಚಿಬೀಳುತ್ತಾರೆ. ನಾವೂ ಅದನ್ನು ಮೆದುಗೊಳಿಸದೆ ಇದ್ದಂತೆಯೇ ಹೇಳುತ್ತೇವೆ.

ಒಂದು ದಿನ ಅವರು ಕೆರೆಯಲ್ಲಿ ಬಗ್ಗಿ ಹುಲ್ಲು ಕೊಯ್ಯುತ್ತಿದ್ದರು. ಕೊರಳಿನಲ್ಲಿದ್ದ ಇಷ್ಟಲಿಂಗ ಕಟ್ಟು ಸಡಿಲಿ ನೀರಿಗೆ ಜಾರಿಬಿತ್ತು. ಊರಿಗೆಲ್ಲ ಹಗ್ಗ ಹೊಸೆದುಕೊಟ್ಟವರ ಕೊರಳಿನ ಕಟ್ಟೇ ಸಡಿಲಿತು. ವೀರಶೈವನಿಗೆ ಇಷ್ಟಲಿಂಗವೆಂದರೆ ಏನು ಎಂಬುದು ನಿಮಗೆ ಗೊತ್ತು. ಅಂಗದ ಮೇಲೆ ಲಿಂಗ ಅಗಲಬಾರದು. ಅಗಲಿದರೆ ಪ್ರಾಣವನ್ನೇ ಬಿಡಬೇಕು ಎನ್ನುವಷ್ಟು ಕಠಿಣ ನಿಷ್ಠೆಯ ಕಾಲ ಅದು. ಬೇರೆ ಯಾರೇ ಆಗಿದ್ದರೂ ಕುಡುಗೋಲು ಎಸೆದು, ನೀರಿಗೆ ಬಿದ್ದು, ಗೋಳಾಡಿ ಹುಡುಕುತ್ತಿದ್ದರು. ಚಂದಯ್ಯನವರು ಹಾಗೆ ಮಾಡಲಿಲ್ಲ. ಜಂಗಮರ ಊಟದ ಹೊತ್ತಿಗೆ ಹಗ್ಗ ಸಿದ್ಧವಾಗಬೇಕಿತ್ತು. ತನ್ನನ್ನು ಬಿಟ್ಟುಹೋದ ಲಿಂಗಕ್ಕಾಗಿ ಹಸಿದ ಜಂಗಮರನ್ನು ಕಾಯಿಸುವುದು ಅವರಿಗೆ ಒಪ್ಪಿಗೆಯಾಗಲಿಲ್ಲ. ಹುಲ್ಲಿನ ಹೊರೆ ಕಟ್ಟಿ, ತಲೆಯ ಮೇಲಿಟ್ಟುಕೊಂಡು ಮನೆಯ ದಾರಿ ಹಿಡಿದರು.

ಆಗ ಲಿಂಗವೇ ಅವರ ಬೆನ್ನು ಹತ್ತಿತು ಎನ್ನುತ್ತದೆ ಪುರಾತನರ ಕಥೆ. ತನ್ನನ್ನು ಮತ್ತೆ ಧರಿಸಬೇಕೆಂದು ಅಂಗಲಾಚಿತು. ಚಂದಯ್ಯನವರು ತಿರುಗಿ ನೋಡಲಿಲ್ಲ. ಬಿಟ್ಟುಹೋದದ್ದು ನೀನು, ನಾನಲ್ಲ ಎಂಬುದು ಅವರ ನಿಲುವು. ಅಷ್ಟರಲ್ಲಿ ಮಡಿವಾಳ ಮಾಚಯ್ಯನವರು ಅಲ್ಲಿಗೆ ಬಂದರು. ಲಿಂಗದ ಪರವಾಗಿ ಚಂದಯ್ಯನವರೊಡನೆ ವಾದಿಸಿದರು. ಗುರುವಿಲ್ಲದೆ ಲಿಂಗವಿಲ್ಲ, ಲಿಂಗವಿಲ್ಲದೆ ಜಂಗಮವಿಲ್ಲ, ಲಿಂಗವನ್ನು ತೊರೆದು ಮಾಡುವ ಜಂಗಮಸೇವೆಗೆ ಬುಡವೇ ಇಲ್ಲದಂತಾಗುತ್ತದೆ ಎಂದು ಹಿರಿಯಣ್ಣನಂತೆ ಬುದ್ಧಿ ಹೇಳಿದರು. ಬಟ್ಟೆ ಒಗೆಯುವ ಶರಣರು ಹಗ್ಗ ಹೊಸೆಯುವ ಶರಣರಿಗೆ ಕೆರೆಯ ದಂಡೆಯ ಮೇಲೆ ನಿಂತು ಧರ್ಮದ ಮರ್ಮವನ್ನು ತಿಳಿಸಿದ ಆ ಗಳಿಗೆ ನಮ್ಮ ಧರ್ಮದ ಚರಿತ್ರೆಯಲ್ಲಿ ದೊಡ್ಡದು.

ಚಂದಯ್ಯನವರು ಒಪ್ಪಿದರು. ಆದರೆ ಒಂದು ಕಟ್ಟಳೆ ಹಾಕಿದರು. ತನ್ನ ಮನೆಯಲ್ಲಿ ಕೆಲಸವಿಲ್ಲದೆ ಉಣ್ಣುವವರಿಗೆ ಜಾಗವಿಲ್ಲ. ಲಿಂಗವಾದರೂ ಕಾಯಕ ಮಾಡಬೇಕು. ಹೊಸೆದ ಹಗ್ಗವನ್ನು ಪೇಟೆಗೆ ಒಯ್ದು ಮಾರಿಬರುವ ಕೆಲಸ ಲಿಂಗದ ಪಾಲಿಗೆ ಬಂತು. ಮೂರು ಲೋಕದ ಒಡೆಯನಾದ ಶಿವ ಒಬ್ಬ ನುಲಿಕಾರನ ಮನೆಯ ಆಳಾಗಿ ಹಗ್ಗ ಹೊತ್ತು ನಡೆದ.

ಈ ಕಥೆಯನ್ನು ಇಬ್ಬರು ತಪ್ಪಾಗಿ ತಿಳಿಯುವುದುಂಟು. ದುಡಿದರೆ ಸಾಕು, ಲಿಂಗ, ಪೂಜೆ ಏಕೆ ಎನ್ನುವವರು ಒಬ್ಬರು. ಅವರು ಕಥೆಯನ್ನು ಅರ್ಧಕ್ಕೇ ಬಿಟ್ಟವರು. ಚಂದಯ್ಯನವರು ಲಿಂಗವನ್ನು ಮರಳಿ ಧರಿಸಿದರು ಎಂಬುದನ್ನು ಅವರು ಕೇಳಿಸಿಕೊಂಡಿಲ್ಲ. ಬಿದ್ದ ಲಿಂಗವನ್ನು ಬಿಟ್ಟು ನಡೆದ ಇಂಥವನು ಎಂಥ ಭಕ್ತ ಎನ್ನುವವರು ಇನ್ನೊಬ್ಬರು. ಅವರು ಹಸಿದ ಜಂಗಮನ ಮುಖ ನೋಡದವರು. ಎರಡನ್ನೂ ಸೇರಿಸಿದ್ದು ಮಾಚಯ್ಯನವರ ಮಾತು. ಪೂಜೆ ಕೆಲಸವನ್ನು ತಿನ್ನಬಾರದು, ಕೆಲಸ ಪೂಜೆಯನ್ನು ತಿನ್ನಬಾರದು. ಶಿವನೂ ದುಡಿಯುವ ಮನೆಯಲ್ಲಿ ಎರಡೂ ಒಂದೇ ಆಗುತ್ತವೆ.

ಕೂಲಿಗೆ ಮೀರಿದ್ದು ಬೇಡ

ಲಿಂಗವು ಹಗ್ಗವನ್ನು ಮಾರಲು ಹೊರಟಾಗ ಬಸವಣ್ಣನವರು ಅದನ್ನು ಗುರುತಿಸಿ, ಹಗ್ಗದ ಬೆಲೆಗಿಂತ ಎಷ್ಟೋ ಪಾಲು ಹೆಚ್ಚು ಹೊನ್ನನ್ನು ಕೊಟ್ಟು ಕಳಿಸಿದರೆಂದೂ, ಚಂದಯ್ಯನವರು ಅದನ್ನು ಒಪ್ಪದೆ ಹಿಂದಿರುಗಿಸಿದರೆಂದೂ ಕಥೆ ಮುಂದುವರಿಯುತ್ತದೆ. ಕೊಟ್ಟವರು ಸಾಮಾನ್ಯರಲ್ಲ, ಬಸವಣ್ಣನವರು. ಹಣ ಹೋಗುವುದು ತನ್ನ ಹೊಟ್ಟೆಗಲ್ಲ, ದಾಸೋಹಕ್ಕೆ. ಆದರೂ ಬೇಡವೆಂದರು. ಹಗ್ಗಕ್ಕೆ ಸಲ್ಲುವ ಬೆಲೆ ಎಷ್ಟೋ ಅಷ್ಟು ಮಾತ್ರ ತನ್ನದು, ಅದಕ್ಕೆ ಮೀರಿದ್ದು ಪರರದು ಎಂದು ತಿಳಿದರು.

ಇದೇ ಅವರ ವಚನಗಳ ತಿರುಳು ಕೂಡ. ಚಂದೇಶ್ವರಲಿಂಗ ಎಂಬ ಅಂಕಿತದಲ್ಲಿ ಅವರ 48 ವಚನಗಳು ಉಳಿದುಬಂದಿವೆ. ಅವುಗಳಲ್ಲಿ ಅವರು ಎರಡು ಮಾತುಗಳನ್ನು ಮತ್ತೆ ಮತ್ತೆ ಒತ್ತಿ ಹೇಳುತ್ತಾರೆ. ಕಂಡವರನ್ನು ಕಾಡಿ, ಬೇಡಿ, ಬಂಧಿಸಿ ತಂದ ಹಣದಿಂದ ಮಾಡಿದ ದಾಸೋಹ ಶಿವನಿಗೆ ಸಲ್ಲದು ಎಂಬುದು ಒಂದು. ಗುರುವೇ ಆಗಲಿ, ಜಂಗಮನೇ ಆಗಲಿ, ಕಾಯಕದಿಂದ ಮಾತ್ರ ಅವರಿಗೂ ಬಿಡುಗಡೆ ಎಂಬುದು ಇನ್ನೊಂದು. ಕಾವಿ ಉಟ್ಟವರಿಗೂ ಅವರು ರಿಯಾಯಿತಿ ಕೊಡಲಿಲ್ಲ. ಭಕ್ತರಿಗೆ ದುಡಿಯಿರಿ ಎಂದು ಬೋಧಿಸುವ ಮಠಗಳೆಲ್ಲ ಈ ಮಾತನ್ನು ಮೊದಲು ತಮ್ಮ ಬಾಗಿಲಿಗೆ ಬರೆದುಕೊಳ್ಳಬೇಕು. ಹಳ್ಳಿಯ ಮುದುಕಿಯೊಬ್ಬಳು ಬತ್ತಿ ಹೊಸೆದು ತಂದಿಟ್ಟ ಹತ್ತು ರೂಪಾಯಿಗೂ, ಲೆಕ್ಕವಿಲ್ಲದೆ ಬಂದ ಹತ್ತು ಲಕ್ಷಕ್ಕೂ ಚಂದಯ್ಯನವರ ತಕ್ಕಡಿಯಲ್ಲಿ ತೂಕವೇ ಬೇರೆ.

ಪ್ರಭುದೇವರ ಪರೀಕ್ಷೆ

ಇಂಥ ಚಂದಯ್ಯನವರನ್ನೂ ಅಲ್ಲಮಪ್ರಭುಗಳು ಪರೀಕ್ಷೆ ಮಾಡದೆ ಬಿಡಲಿಲ್ಲ. ಗೂಳೂರು ಸಿದ್ಧವೀರಣ್ಣೊಡೆಯರು ಸಂಪಾದಿಸಿದ ಶೂನ್ಯಸಂಪಾದನೆಯಲ್ಲಿ ನುಲಿಯ ಚಂದಯ್ಯನವರ ಪ್ರಸಂಗಕ್ಕೇ ಒಂದು ಭಾಗ ಮೀಸಲಾಗಿದೆ. ಕೈ ಮಾಡುವ ಕೆಲಸದ ಹಿಂದೆ ಅರಿವು ಇರಬೇಕು, ಮಾಡಿದೆನೆಂಬ ಹಮ್ಮು ಒಳಗೆ ಉಳಿದರೆ ಮಾಡಿದ್ದೂ ಒಂದು ಕಟ್ಟೇ ಆಗುತ್ತದೆ ಎಂಬ ದಾರಿಯಲ್ಲಿ ಪ್ರಭುಗಳ ವಿಚಾರ ನಡೆಯುತ್ತದೆ. ಅರಿವಿನ ಹೆಸರಿನಲ್ಲಿ ಕ್ರಿಯೆಯನ್ನು ಬಿಡುವಂತಿಲ್ಲ ಎಂಬುದು ಚಂದಯ್ಯನವರ ಗಟ್ಟಿ ನಿಲುವು. ಒಬ್ಬರು ಮಹಾಜ್ಞಾನಿ, ಇನ್ನೊಬ್ಬರು ಹುಲ್ಲು ಹೊಸೆಯುವವರು. ಆ ಸಂವಾದದಲ್ಲಿ ಯಾರೂ ಯಾರನ್ನೂ ಕೀಳು ಮಾಡಲಿಲ್ಲ. ಕ್ರಿಯೆಗೆ ಅರಿವು ಕೂಡಿಕೊಂಡಿತು, ಅರಿವಿಗೆ ಕ್ರಿಯೆ ನೆಲೆಯಾಯಿತು.

ಈ ಪ್ರಸಂಗ ನಮ್ಮವರೆಗೆ ಬಂದ ದಾರಿ ನಮ್ಮ ಸೀಮೆಗೆ ಹತ್ತಿರದ್ದು ಎಂಬುದನ್ನೂ ಹೇಳಬೇಕು. ಕಲ್ಯಾಣದ ಕ್ರಾಂತಿಯ ನಂತರ ಚೆದುರಿಹೋದ ವಚನಗಳನ್ನು ಹುಡುಕಿ, ಓಲೆಗರಿಯಲ್ಲಿ ಬರೆದು, ಜೋಡಿಸಿ ಉಳಿಸಿದವರಲ್ಲಿ ಎಡೆಯೂರಿನ ತೋಂಟದ ಸಿದ್ಧಲಿಂಗ ಯತಿಗಳ ಶಿಷ್ಯಪರಂಪರೆ ಮುಂಚೂಣಿಯಲ್ಲಿತ್ತು. ಎಡೆಯೂರು ನಮ್ಮ ನಾಗಮಂಗಲದ ನೆರೆಯ ಕುಣಿಗಲ್ ತಾಲ್ಲೂಕಿನಲ್ಲಿದೆ. ಆ ಯತಿಗಳ ಶಿಷ್ಯಪರಂಪರೆಗೆ ಸೇರಿದ ವಚನಕಾರರಾದ ಸ್ವತಂತ್ರ ಸಿದ್ಧಲಿಂಗೇಶ್ವರರು ನೆಲೆನಿಂತದ್ದು ಕೃಷ್ಣರಾಜಪೇಟೆ ತಾಲ್ಲೂಕಿನ ಕಾಪನಹಳ್ಳಿಯ ಗವಿಮಠದಲ್ಲಿ. ಶಿವಣಗಿಯ ಹಗ್ಗ ಹೊಸೆಯುವವರ ನುಡಿಯನ್ನು ಹರಿಯದಂತೆ ಹಿಡಿದು ನಮಗೆ ಮುಟ್ಟಿಸಿದ ಎಳೆಗಳಲ್ಲಿ ಒಂದು ಹೀಗೆ ನಮ್ಮ ನೆಲದ ಮೇಲೆಯೇ ಹಾದುಹೋಗಿದೆ.

ಕಲ್ಯಾಣದಿಂದ ನುಲೇನೂರಿಗೆ

ಹರಳಯ್ಯ ಮಧುವರಸರ ಮಕ್ಕಳ ಮದುವೆಯಿಂದ ಎದ್ದ ಬೆಂಕಿ 1167-68ರ ಹೊತ್ತಿಗೆ ಕಲ್ಯಾಣವನ್ನೇ ಸುಟ್ಟಿತು. ಶರಣರು ದಿಕ್ಕುಪಾಲಾದರು. ಚಂದಯ್ಯನವರು ಚೆನ್ನಬಸವಣ್ಣನವರ ತಂಡದೊಂದಿಗೆ ಉಳವಿಯ ಕಡೆ ಹೊರಟರು. ಬೆನ್ನ ಹಿಂದೆ ಸೈನ್ಯ, ಮುಂದೆ ದಟ್ಟ ಕಾಡು, ಜೊತೆಗೆ ಹೆಂಗಸರು, ಮಕ್ಕಳು, ವಚನದ ಕಟ್ಟುಗಳು. ಅಂಥ ಪಯಣದಲ್ಲಿ ಹೊರೆ ಕಟ್ಟಲು, ಹೊಳೆ ದಾಟಲು, ಗುಡಿಸಲು ಬಿಗಿಯಲು ಹಗ್ಗ ಎಷ್ಟು ಬೇಕಾಗಿತ್ತೋ ಯೋಚಿಸಿ ನೋಡಿ. ಅರಮನೆಯಲ್ಲಿ ಬೆಲೆಯಿಲ್ಲದ ಕೈ ಆಪತ್ತಿನಲ್ಲಿ ಮೊದಲು ಬೇಕಾಗುತ್ತದೆ.

ಉಳವಿಯಲ್ಲಿ ಚೆನ್ನಬಸವಣ್ಣನವರು ಐಕ್ಯರಾದರು. ಆಮೇಲೆ ಚಂದಯ್ಯನವರು ಅಕ್ಕನಾಗಮ್ಮನವರ ಜೊತೆಗೆ ತರೀಕೆರೆ ಸೀಮೆಯ ಎಣ್ಣೆಹೊಳೆಯ ಕಡೆಗೆ ಬಂದರು. ಬಸವಣ್ಣನವರ ಅಕ್ಕ, ಚೆನ್ನಬಸವಣ್ಣನವರ ತಾಯಿ, ತಮ್ಮನನ್ನೂ ಮಗನನ್ನೂ ಕಳೆದುಕೊಂಡ ಆ ಹಿರಿಯ ಜೀವಕ್ಕೆ ಕೊನೆಯ ದಿನಗಳಲ್ಲಿ ಮಗನಂತೆ ನೆರವಾಗಿ ನಿಂತವರು ಚಂದಯ್ಯನವರು. ಅಕ್ಕನಾಗಮ್ಮನವರು ಅಲ್ಲಿ ಐಕ್ಯರಾದ ಮೇಲೆ ಅವರು ಇಂದಿನ ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆ ತಾಲ್ಲೂಕಿನ ನುಲೇನೂರಿಗೆ ಬಂದು ನೆಲೆಸಿದರು. ಅಲ್ಲಿಯೇ ಲಿಂಗೈಕ್ಯರಾದರು ಎಂದು ಪರಂಪರೆ ಹೇಳುತ್ತದೆ. ಅವರ ಗದ್ದುಗೆ ಅಲ್ಲಿದೆ. ಊರಿನ ಹೆಸರೇ ಅವರ ನುಲಿಯನ್ನು ಇಂದಿಗೂ ನೆನಪಿಸುತ್ತಿದೆ.

ಚಂದಯ್ಯನವರನ್ನು ಕೊರಚ, ಕೊರಮ ಜನಾಂಗದವರು ತಮ್ಮ ಕುಲಗುರುವೆಂದು ಪೂಜಿಸುತ್ತಾರೆ. ಹಗ್ಗ, ಪೊರಕೆ, ಬುಟ್ಟಿ, ಚಾಪೆ ಮಾಡಿ ಊರೂರಿಗೆ ಹೊತ್ತು ಮಾರಿದ ಜನ ಅವರು. ಬ್ರಿಟಿಷರು 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆ ಎಂಬುದನ್ನು ತಂದು, ಹುಟ್ಟಿದ ಕುಲದ ಕಾರಣಕ್ಕೇ ಜನರನ್ನು ಕಳ್ಳರೆಂದು ಪಟ್ಟಿ ಮಾಡಿದರು. ಮುಂದೆ ಹಲವು ಪ್ರಾಂತ್ಯಗಳಲ್ಲಿ ಈ ಜನರ ಹೆಸರೂ ಆ ಪಟ್ಟಿಗೆ ಸೇರಿತು. ಸ್ವಾತಂತ್ರ್ಯ ಬಂದು ಐದು ವರ್ಷದ ಮೇಲೆ, 1952ರಲ್ಲಿ, ಆ ಕಾಯ್ದೆ ರದ್ದಾಯಿತು. ಎಂಟುನೂರು ವರ್ಷಗಳ ಹಿಂದೆ ಕಲ್ಯಾಣದಲ್ಲಿ ಬಸವಣ್ಣನವರು ಅಯ್ಯ ಎಂದು ಕರೆದು ಪಕ್ಕದಲ್ಲಿ ಕೂರಿಸಿಕೊಂಡವರ ಮಕ್ಕಳಿಗೆ ಕಾನೂನು ಕಳ್ಳರೆಂಬ ಹೆಸರು ಕೊಟ್ಟಿತ್ತು. ಕಾನೂನು ಹೋಯಿತು. ನಮ್ಮ ಕಣ್ಣಿನ ಹೀಯಾಳಿಕೆ ಪೂರ್ತಿ ಹೋಗಿದೆಯೇ ಎಂದು ಪ್ರತಿಯೊಬ್ಬರೂ ಎದೆ ಮುಟ್ಟಿ ಕೇಳಿಕೊಳ್ಳಬೇಕು. ಬಾಗಿಲಿಗೆ ಪೊರಕೆ ಹೊತ್ತು ಬಂದ ತಾಯಿಗೆ ಕೂರಲು ಜಗಲಿ ತೋರಿಸದೆ, ಒಳಗೆ ಹೋಗಿ ಚಂದಯ್ಯನವರ ಪಟಕ್ಕೆ ಹೂ ಏರಿಸಿದರೆ ಆ ಹೂ ಯಾರಿಗೆ ಮುಟ್ಟೀತು?

ನಮ್ಮ ಮನೆಯ ಕೈಗಳು

ಈಗ ನಮ್ಮ ಮನೆಗಳ ಕಡೆ ನೋಡೋಣ. ಬೇಬಿ ಬೆಟ್ಟದ ದನಗಳ ಜಾತ್ರೆ, ಹೇಮಾವತಿ ದಡದ ಹೇಮಗಿರಿಯ ಜಾತ್ರೆ ಎಂದರೆ ಹಳ್ಳಿಕಾರ್ ಎತ್ತುಗಳ ಸಾಲು ಹೇಗೋ ಹಾಗೆಯೇ ಹಗ್ಗದ ಅಂಗಡಿಗಳ ಸಾಲು. ಕತ್ತಾಳೆ ನಾರಿನ ಬಿಳಿ ಹಗ್ಗದ ಜಾಗಕ್ಕೆ ಈಗ ನೀಲಿ, ಹಸಿರು, ಕೆಂಪು ಪ್ಲಾಸ್ಟಿಕ್ ಹಗ್ಗ ಬಂದಿದೆ. ಅದು ಅಗ್ಗ, ಮಳೆಗೆ ಕೊಳೆಯುವುದಿಲ್ಲ, ಕೊಳ್ಳುವವರನ್ನು ನಾವು ದೂರುವುದಿಲ್ಲ. ಆದರೆ ಎತ್ತಿನ ಕೊರಳನ್ನು ಅದು ಹೇಗೆ ಕೊಯ್ಯುತ್ತದೆ ಎಂಬುದು ಸಾಕಿದವನಿಗೆ ಗೊತ್ತು. ಹರಿದು ಬಿದ್ದದ್ದು ಮಣ್ಣಾಗದೆ ಗದ್ದೆಯಲ್ಲಿ ಉಳಿಯುತ್ತದೆ ಎಂಬುದೂ ಗೊತ್ತು. ಹಗ್ಗ ಹೊಸೆಯುತ್ತಿದ್ದ ಅಜ್ಜನ ಅಂಗೈ ಬರಿದಾಗಿ ಜಗಲಿಯ ಮೇಲೆ ಕುಳಿತಿದೆ ಎಂಬುದು ಎಲ್ಲಕ್ಕಿಂತ ದೊಡ್ಡ ನಷ್ಟ.

ವಯಸ್ಸಾದವರಿಗೆ ಊಟ, ಬಟ್ಟೆ, ಔಷಧಿಗೆ ಕೊರತೆ ಮಾಡದ ಮಕ್ಕಳು ಎಷ್ಟೋ ಮಂದಿ ಇದ್ದಾರೆ. ಆದರೂ ಆ ಹಿರಿಯರ ಮುಖದಲ್ಲಿ ಕಳೆಯಿರುವುದಿಲ್ಲ. ತಾನು ಯಾರಿಗೂ ಬೇಡ ಎಂಬ ಕೊರಗು ಅನ್ನದಿಂದ ಹೋಗುವುದಿಲ್ಲ, ಕೆಲಸದಿಂದ ಹೋಗುತ್ತದೆ. ಹತ್ತಿಯ ಉಂಡೆ ತಂದುಕೊಟ್ಟು ದೇವರ ದೀಪಕ್ಕೆ ಬತ್ತಿ ಬೇಕು ಅಜ್ಜಿ ಎಂದು ಕೇಳಿ ನೋಡಿ. ಕರುವಿಗೆ ಒಂದು ಕಣ್ಣಿ ಮಾಡಿಕೊಡಿ ತಾತ ಎಂದು ಕೇಳಿ ನೋಡಿ. ಕಣ್ಣು ಮಂಜಾದರೂ ಬೆರಳಿಗೆ ದಾರಿ ಗೊತ್ತಿರುತ್ತದೆ. ಮೊಮ್ಮಗ ಪಕ್ಕದಲ್ಲಿ ಕೂತು ಎಳೆಯ ಒಂದು ತುದಿಯನ್ನು ಹಿಡಿದುಕೊಂಡರೆ ಹಗ್ಗದ ಜೊತೆಗೆ ಇನ್ನೂ ಏನೇನೋ ಹೊಸೆದುಕೊಳ್ಳುತ್ತದೆ.

ಹೆಣ್ಣುಮಕ್ಕಳ ಕೈಕೆಲಸವನ್ನೂ ನಾವು ಇದೇ ಕಣ್ಣಿನಿಂದ ನೋಡಬೇಕು. ಉಣ್ಣೆಯ ದಾರದಲ್ಲಿ ಕೂಸಿಗೆ ಹೆಣೆದ ಟೋಪಿ, ಕಾಲುಚೀಲ, ಸ್ವೆಟರ್, ಕ್ರೋಷಾ ಕಡ್ಡಿಯಿಂದ ತೆಗೆದ ಲೇಸು, ಬಾಗಿಲಿಗೆ ಮಣಿಯ ತೋರಣ, ಹಳೆಯ ಸೀರೆಗಳನ್ನು ಒಟ್ಟಿಗೆ ಹೊಲಿದ ಕೌದಿ, ವೈರಿನ ಬುಟ್ಟಿ, ಇವು ಹೊತ್ತು ಕಳೆಯುವ ಆಟವೆಂದು ತಿಳಿದವರಿದ್ದಾರೆ. ಹೆಣಿಗೆ ಹಿಡಿದವರನ್ನು ಕೇಳಿ. ಇಡೀ ಸ್ವೆಟರಿಗೆ ಇರುವುದು ಒಂದೇ ದಾರ, ಒಂದರೊಳಗೊಂದು ಕೂಡಿದ ಕುಣಿಕೆ. ನಡುವೆ ಒಂದು ಕುಣಿಕೆ ಜಾರಿದರೆ ಕೆಳಗಿನ ಸಾಲುಗಳೆಲ್ಲ ಬಿಚ್ಚುತ್ತಾ ಹೋಗುತ್ತವೆ. ಆದ್ದರಿಂದ ಮನಸ್ಸು ಅಲ್ಲಿಯೇ ನಿಲ್ಲಬೇಕು. ಜಪಮಣಿ ಎಣಿಸುವಾಗ ಅತ್ತಿತ್ತ ಓಡುವ ಮನಸ್ಸು ಕುಣಿಕೆ ಎಣಿಸುವಾಗ ಓಡುವಂತಿಲ್ಲ. ಪಂಚಾಕ್ಷರಿಯನ್ನು ನೆನೆಯುತ್ತಾ ಹೆಣೆದರೆ ಕೈಯೂ ಮನಸ್ಸೂ ಕೂಡಿ ನಡೆಯುತ್ತವೆ.

ಇದರಲ್ಲಿ ಮಾನದ ಪ್ರಶ್ನೆಯೂ ಇದೆ. ಮನೆಯ ಸೊಸೆ ಹೆಣೆದದ್ದನ್ನು, ಹೊಲಿದದ್ದನ್ನು ಮಾರಿದರೆ ಮನೆತನದ ಗೌರವ ಹೋಯಿತು ಎನ್ನುವ ಹಿರಿಯರು ಇನ್ನೂ ಇದ್ದಾರೆ. ಸಾಲ ಮಾಡಿ ಮದುವೆ ಮಾಡಿದಾಗ ಹೋಗದ ಗೌರವ ಸೊಸೆ ಸ್ವೆಟರ್ ಮಾರಿದಾಗ ಹೋಗುವುದು ಹೇಗೆ? ಶಿವನನ್ನೇ ಪೇಟೆಗೆ ಕಳಿಸಿ ಹಗ್ಗ ಮಾರಿಸಿದ ಮತ ನಮ್ಮದು. ಕರ್ನಾಟಕದಲ್ಲಿ 2000-01ರಲ್ಲಿ ಸ್ತ್ರೀಶಕ್ತಿ ಗುಂಪುಗಳು ಆರಂಭವಾದ ಮೇಲೆ ಹಳ್ಳಿಯ ಹೆಣ್ಣುಮಕ್ಕಳು ಒಟ್ಟಿಗೆ ಕೂತು ಉಳಿತಾಯ ಮಾಡಲು, ಕೆಲಸ ಕಲಿಯಲು ದಾರಿಯಾಯಿತು. ತೆಂಗಿನ ನಾರಿನ ಕೆಲಸಕ್ಕೆ 1953ರ ಕಾಯ್ದೆಯಂತೆ ರಚನೆಯಾದ ನಾರು ಮಂಡಳಿಯೇ ಇದೆ. ನಾಗಮಂಗಲ, ಕೃಷ್ಣರಾಜಪೇಟೆಯ ತೋಟಗಳಲ್ಲಿ ತೆಂಗಿನ ಸಿಪ್ಪೆ ರಾಶಿ ಬಿದ್ದು ಒಲೆಗೆ ಹೋಗುತ್ತದೆ. ಚಂದಯ್ಯನವರಿಗೆ ಸಿಕ್ಕಿದ್ದು ಕೆರೆಯ ಹುಲ್ಲು ಮಾತ್ರ. ನಮಗೆ ಸಿಕ್ಕಿರುವುದನ್ನು ನಾವು ಏನು ಮಾಡುತ್ತಿದ್ದೇವೆ?

ಕೊಳ್ಳುವವರಿಗೂ ಚಂದಯ್ಯನವರ ಕಥೆಯಲ್ಲಿ ಪಾಠವಿದೆ. ಅವರು ಹೆಚ್ಚು ಬೆಲೆಯನ್ನು ಬೇಡವೆಂದರು. ಅಂದ ಮಾತ್ರಕ್ಕೆ ನಾವು ಕಡಿಮೆ ಕೊಡಬಹುದು ಎಂದಲ್ಲ. ಸಲ್ಲಬೇಕಾದ್ದು ಸಲ್ಲಲೇಬೇಕು. ದೊಡ್ಡ ಅಂಗಡಿಯಲ್ಲಿ ಬರೆದಿಟ್ಟ ಬೆಲೆಯನ್ನು ಮರುಮಾತಿಲ್ಲದೆ ಕೊಟ್ಟು ಬಂದವರು, ಜಾತ್ರೆಯಲ್ಲಿ ಬುಟ್ಟಿ ಹೆಣೆದು ಮಾರುವ ತಾಯಿಯ ಹತ್ತಿರ ಐದು ರೂಪಾಯಿಗೆ ಅರ್ಧ ಗಂಟೆ ಚೌಕಾಸಿ ಮಾಡುವುದು ಧರ್ಮವಲ್ಲ. ಆ ಐದು ರೂಪಾಯಿಯಲ್ಲಿ ಅವಳ ಮನೆಯ ದಾಸೋಹವಿದೆ.

ಶಿವದಾರದ ಮಾತು

ಕಡೆಯದಾಗಿ ಒಂದು ಸಣ್ಣ ಸಂಗತಿ. ನಮ್ಮ ಕೊರಳಿನಲ್ಲಿ ಇಷ್ಟಲಿಂಗವನ್ನು ಹಿಡಿದಿರುವುದು ಶಿವದಾರ. ಅದು ಬೆಳ್ಳಿಯಲ್ಲ, ಬಂಗಾರವಲ್ಲ, ಯಾರೋ ಹೊಸೆದ ನೂಲು. ಕರಡಿಗೆ ಬೆಳ್ಳಿಯದಾದರೂ ಅದನ್ನು ಎದೆಯ ಮೇಲೆ ನಿಲ್ಲಿಸುವುದು ಆ ನೂಲೇ. ಹಿಂದೆ ಎಷ್ಟೋ ಮನೆಗಳಲ್ಲಿ ತಾಯಂದಿರು ಮಡಿಯಿಂದ ಕೂತು ತಾವೇ ಶಿವದಾರ ಹೊಸೆಯುತ್ತಿದ್ದರು. ಈಗ ಅಂಗಡಿಯಿಂದ ತಂದು ಕಟ್ಟಿಕೊಳ್ಳುವುದೇ ಹೆಚ್ಚು. ಬರುವ ನೂಲ ಹುಣ್ಣಿಮೆಯ ದಿನ ನಾವೆಲ್ಲ ಒಂದು ಕೆಲಸ ಮಾಡೋಣ. ಮನೆಯ ಹಿರಿಯರು ನಡುಮನೆಯಲ್ಲಿ ಕೂತು, ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ನುಲಿಯ ಚಂದಯ್ಯನವರ ಈ ಕಥೆಯನ್ನು ಹೇಳುತ್ತಾ ಮನೆಯವರೆಲ್ಲರಿಗೂ ಶಿವದಾರ ಹೊಸೆದುಕೊಡಲಿ. ಎಳೆ ತೆಗೆಯುವುದನ್ನೂ, ಎದುರು ಹುರಿ ಕೊಡುವುದನ್ನೂ ಮಕ್ಕಳಿಗೆ ಕಲಿಸಲಿ. ಗಂಡುಮಕ್ಕಳೂ ಕಲಿಯಲಿ, ಹೆಣ್ಣುಮಕ್ಕಳೂ ಕಲಿಯಲಿ. ತಾನೇ ಹೊಸೆದ ದಾರದಲ್ಲಿ ಲಿಂಗವನ್ನು ಧರಿಸಿದ ಮಗು ಕಾಯಕವೆಂದರೇನು ಎಂದು ನಮ್ಮನ್ನು ಕೇಳುವುದಿಲ್ಲ.

ಕೆರೆಯ ಹುಲ್ಲಿನಲ್ಲಿ ಕೈಲಾಸವನ್ನು ಕಂಡ ನುಲಿಯ ಚಂದಯ್ಯನವರ ಅನುಗ್ರಹದಿಂದ ನಿಮ್ಮ ಕೈಗಳಿಗೆ ಕೆಲಸ ತಪ್ಪದಿರಲಿ, ಮನೆಗಳಲ್ಲಿ ದಾಸೋಹ ನಿಲ್ಲದಿರಲಿ, ಗುರು ಲಿಂಗ ಜಂಗಮವೆಂಬ ಮೂರೆಳೆಯ ಹುರಿ ಸಡಿಲದಿರಲಿ ಎಂದು ನಾವು ಹಾರೈಸುತ್ತೇವೆ.